ಬರೇ ಮಾತಾಡಾಕ ಒಂದು ಫೋನ್: ಮೊದಲ ಪ್ರಿಪೇಯ್ಡ್ ಸಿಮ್ ಕೊಳ್ಳುವವರಿಗೆ ಹಂತ ಹಂತದ ಮಾರ್ಗದರ್ಶಿ

“ಅವ್ವಗ ಒಂದು ಫೋನ್ ಕೊಡಸಬೇಕ್ರಿ. ನಾವು ವಾರಕ್ಕ ಎರಡು ಸಲ ಮಾಡತೀವಿ, ಆಕಿ ಮಾಡೂದು ತಿಂಗಳಿಗೆ ನಾಕು ಸಲ. ಯಾವ ಫೋನ್ ತಗೋಬೇಕು, ಯಾವ ಸಿಮ್, ಎಷ್ಟು ಕರೆನ್ಸಿ ಹಾಕಿಸಬೇಕು?”

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಓದುಗರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಅವ್ವನಿಗಾಗಿ ಕೇಳುವ ಮಕ್ಕಳಿದ್ದಾರೆ, ಲ್ಯಾಂಡ್‌ಲೈನ್ ತೆಗೆಸಿದ ನಿವೃತ್ತ ಮಾಸ್ತರರಿದ್ದಾರೆ, ಇಷ್ಟು ವರ್ಷ ಗಂಡನ ಫೋನಿನಲ್ಲೇ ಮಾತಾಡಿ ಈಗ ತಮ್ಮದೇ ನಂಬರ್ ಬೇಕೆನ್ನುವ ಹೆಣ್ಣುಮಕ್ಕಳಿದ್ದಾರೆ. ಇವರೆಲ್ಲರೂ ಕಡಿಮೆ ಮಾತಾಡುವವರು. ವಿಡಿಯೊ ಬೇಡ, ನೆಟ್ ಬೇಡ, ಕರೆ ಬರಬೇಕು, ಬೇಕಾದಾಗ ಕರೆ ಹೋಗಬೇಕು.

ಒಂದು ವಿಷಯವನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಿ. ನೀವು ಕೊಳ್ಳುತ್ತಿರುವುದರಲ್ಲಿ ಬೆಲೆಬಾಳುವುದು ಫೋನಿಗಿಂತ ನಂಬರ್. ಫೋನ್ ನೀರಿಗೆ ಬಿದ್ದರೆ ಇನ್ನೊಂದು ತಂದರಾಯಿತು. ನಂಬರ್ ಹೋದರೆ ಬ್ಯಾಂಕಿನ ಒಟಿಪಿ, ಪಿಂಚಣಿಯ ಸಂದೇಶ, ಗೃಹಲಕ್ಷ್ಮಿ ದುಡ್ಡು ಜಮಾ ಆದ ಸುದ್ದಿ, ಗ್ಯಾಸ್ ಬುಕಿಂಗ್, ಎಲ್ಲವೂ ಅದರ ಜೊತೆಗೇ ಹೋಗುತ್ತವೆ. ಆದ್ದರಿಂದ ಮುಂದಿನ ಪ್ರತಿ ಹಂತದಲ್ಲೂ ಎರಡನ್ನು ಮರೆಯಬೇಡಿ: ನಂಬರ್ ಬಳಸುವವರ ಹೆಸರಿನಲ್ಲೇ ಇರಬೇಕು, ಮತ್ತು ಅದು ಬಂದ್ ಆಗಬಾರದು.

ಪ್ರಿಪೇಯ್ಡ್ ಎಂದರೆ ಮೊದಲು ದುಡ್ಡು ಕಟ್ಟಿ ಆಮೇಲೆ ಮಾತಾಡುವುದು. ತಿಂಗಳ ಕೊನೆಗೆ ಬಿಲ್ ಬರುವುದು ಪೋಸ್ಟ್‌ಪೇಯ್ಡ್. ಕಡಿಮೆ ಬಳಸುವವರಿಗೆ ಪ್ರಿಪೇಯ್ಡ್ ಸಾಕು. ಬಿಲ್ಲಿನ ಗಾಬರಿ ಇರುವುದಿಲ್ಲ, ಬೆಂಗಳೂರಿನಲ್ಲಿರುವ ಮಗ ಅಲ್ಲಿಂದಲೇ ರೀಚಾರ್ಜ್ ಮಾಡಬಹುದು.

1. ಮೊದಲು ಮನೆಯಲ್ಲಿ ಯಾವ ಟವರ್ ಸಿಗುತ್ತದೆ ನೋಡಿ

ಅಂಗಡಿಗೆ ಹೋಗುವ ಮುಂಚಿನ ಕೆಲಸ ಇದು. ಹೆಚ್ಚಿನವರು ಇದನ್ನೇ ಬಿಡುತ್ತಾರೆ. ನಮ್ಮಲ್ಲಿ ಈಗ ನಾಲ್ಕು ಕಂಪನಿಗಳಿವೆ: ಜಿಯೋ, ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್. ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಊರಿಗೊಂದು, ಓಣಿಗೊಂದು ಉತ್ತರ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಚೆನ್ನಾಗಿ ಸಿಗುವುದು ಕಲಘಟಗಿ ಕಡೆಯ ಕಾಡಂಚಿನ ಹಳ್ಳಿಯಲ್ಲಿ ಸಿಗದೆ ಹೋಗಬಹುದು. ಮುಂಡರಗಿ, ಶಿರಹಟ್ಟಿ ಕಡೆ ಕಪ್ಪತಗುಡ್ಡದ ಮರೆಯಲ್ಲಿರುವ ಊರುಗಳಲ್ಲಿ ಒಂದೇ ಊರಿನ ಎರಡು ತುದಿಗೂ ವ್ಯತ್ಯಾಸ ಇರುತ್ತದೆ.

ನೋಡುವ ಕ್ರಮ ಸರಳ. ಪಕ್ಕದ ಮನೆಯವರಲ್ಲಿ, ನೆಂಟರಲ್ಲಿ ಯಾರ ಹತ್ತಿರ ಯಾವ ಸಿಮ್ ಇದೆ ಕೇಳಿ. ಅವರ ಫೋನನ್ನು ನಿಮ್ಮ ಮನೆಯೊಳಗೆ ತಂದು ಅಡುಗೆಮನೆಯಲ್ಲಿ, ಮಲಗುವ ಕೋಣೆಯಲ್ಲಿ ನಿಂತು ನಿಜವಾಗಿಯೂ ಒಂದು ಕರೆ ಮಾಡಿ ಎರಡು ನಿಮಿಷ ಮಾತಾಡಿ. ಪರದೆಯ ಮೇಲಿನ ಕಡ್ಡಿಗಳನ್ನು ನಂಬಬೇಡಿ. ಗದಗ, ನವಲಗುಂದ, ರೋಣ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಗೋಡೆ ಎಷ್ಟು ದಪ್ಪ ಎಂಬುದು ನಿಮಗೆ ಗೊತ್ತೇ ಇದೆ. ಕಟ್ಟೆಯ ಮೇಲೆ ಪೂರ್ತಿ ಸಿಗುವ ಟವರ್ ನಡುಮನೆಯಲ್ಲಿ ಇಲ್ಲವಾಗುತ್ತದೆ. ಕಂಪನಿಗಳು ತಮ್ಮ ಜಾಲತಾಣದಲ್ಲಿ ಎಲ್ಲೆಲ್ಲಿ ನೆಟ್‌ವರ್ಕ್ ಇದೆ ಎಂಬ ನಕ್ಷೆ ಹಾಕುತ್ತವೆ. ಅದನ್ನೂ ನೋಡಿ, ಆದರೆ ನಿಮ್ಮ ಗೋಡೆಯ ದಪ್ಪ ಆ ನಕ್ಷೆಗೆ ಗೊತ್ತಿರುವುದಿಲ್ಲ.

ಅವ್ವ ಹೊಲಕ್ಕೆ ಹೋಗುವವಳಾದರೆ ಹೊಲದಲ್ಲೂ ಒಂದು ಸಲ ಪರೀಕ್ಷಿಸಿ.

2. ಫೋನ್: 4ಜಿ ಬಟನ್ ಫೋನ್ ತಗೊಳ್ಳಿ

ಬರೇ ಮಾತಿಗೆ ಬಟನ್ ಫೋನ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಚಾರ್ಜ್ ದಿನಗಟ್ಟಲೆ ಬರುತ್ತದೆ, ಕೈಜಾರಿ ಬಿದ್ದರೂ ತಡೆದುಕೊಳ್ಳುತ್ತದೆ, ಬೆರಳು ತಾಗಿ ತಾನೇ ಯಾರಿಗೋ ಕರೆ ಹೋಗುವುದಿಲ್ಲ. ಆದರೆ ಇಲ್ಲೊಂದು ದೊಡ್ಡ ತಪ್ಪು ಆಗುತ್ತದೆ. ಬಟನ್ ಫೋನ್‌ಗಳಲ್ಲಿ ಎರಡು ಜಾತಿ: 2ಜಿ ಮಾತ್ರ ಇರುವವು ಮತ್ತು 4ಜಿ ಇರುವವು. ನೋಡಲು ಎರಡೂ ಒಂದೇ ತರಹ.

ಜಿಯೋಗೆ 2ಜಿ, 3ಜಿ ಜಾಲವೇ ಇಲ್ಲ. ಅದು 4ಜಿ ಮತ್ತು 5ಜಿ ಮೇಲೆ ಮಾತ್ರ ನಡೆಯುತ್ತದೆ. ಹಾಗಾಗಿ ಅಗ್ಗದ 2ಜಿ ಫೋನಿಗೆ ಜಿಯೋ ಸಿಮ್ ಹಾಕಿದರೆ ಏನೂ ಆಗದು. ಫೋನ್ ಕೆಟ್ಟಿದೆ ಎಂದುಕೊಂಡು ಜನ ಮರಳಿ ಅಂಗಡಿಗೆ ಅಲೆಯುತ್ತಾರೆ. ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ಸಿಮ್‌ಗಳು 2ಜಿ ಫೋನಿನಲ್ಲಿ ಕೆಲಸ ಮಾಡುತ್ತವೆ. ಆದರೂ ನೀವು 4ಜಿ ಇರುವುದನ್ನೇ ಕೇಳಿ. ನಾಳೆ ಕಂಪನಿ ಬದಲಿಸಬೇಕಾದರೆ ಫೋನ್ ಬದಲಿಸುವ ಪ್ರಮೇಯ ಬರಬಾರದು. ಡಬ್ಬಿಯ ಮೇಲೆ ‘ವೋಲ್ಟ್‌ಇ’ ಎಂದು ಬರೆದಿದೆಯೇ ನೋಡಿ. 4ಜಿ ಜಾಲದ ಮೂಲಕವೇ ಕರೆ ಹೋಗುವ ವ್ಯವಸ್ಥೆಗೆ ಆ ಹೆಸರು.

ಇನ್ನೊಂದು ಎಚ್ಚರ: ಜಿಯೋಭಾರತ್‌ನಂಥ ಕೆಲವು ಫೋನ್‌ಗಳು ಒಂದೇ ಕಂಪನಿಯ ಸಿಮ್‌ಗೆ ಬೀಗ ಹಾಕಿದಂತೆ ಇರುತ್ತವೆ. ಜಿಯೋಭಾರತ್ 2023ರ ಜುಲೈನಲ್ಲಿ 999 ರೂಪಾಯಿಗೆ ಬಂತು. ಅದಕ್ಕೆಂದೇ 28 ದಿನಕ್ಕೆ 123 ರೂಪಾಯಿಯ ಪ್ಯಾಕ್ ಇಟ್ಟರು. ನಿಮ್ಮ ಮನೆಯಲ್ಲಿ ಜಿಯೋ ಚೆನ್ನಾಗಿ ಸಿಗುತ್ತದಾದರೆ ಅದು ಅಗ್ಗದ ದಾರಿ. ಸಿಗದಿದ್ದರೆ ಆ ಫೋನಿಗೆ ಬೇರೆ ಸಿಮ್ ಹಾಕಲು ಬರುವುದಿಲ್ಲ. ಮೊದಲ ಹಂತವನ್ನು ಬಿಡಬೇಡಿ ಎಂದದ್ದು ಇದಕ್ಕೇ.

ಅಂಗಡಿಯಲ್ಲಿ ಫೋನನ್ನು ಕೈಗೆ ಕೊಟ್ಟು ನೋಡಬೇಕಾದವರು ಬಳಸುವವರೇ. ಕೊಪ್ಪಿಕರ್ ರಸ್ತೆಗೋ ಧಾರವಾಡದ ಸುಭಾಸ್ ರಸ್ತೆಗೋ ಅವ್ವನನ್ನೇ ಕರೆದುಕೊಂಡು ಹೋಗಿ. ಅಕ್ಷರ ದೊಡ್ಡದಾಗಿ ಕಾಣುತ್ತದೆಯೇ, ಬಟನ್ ಒತ್ತಿದರೆ ಬೆರಳಿಗೆ ತಿಳಿಯುತ್ತದೆಯೇ, ರಿಂಗು ಗದ್ದಲದಲ್ಲೂ ಕೇಳುತ್ತದೆಯೇ, ಟಾರ್ಚ್‌ಗೆ ಬೇರೆ ಬಟನ್ ಇದೆಯೇ, ಕನ್ನಡದಲ್ಲಿ ಬಂದ ಸಂದೇಶ ಓದಲು ಬರುತ್ತದೆಯೇ, ಎಲ್ಲವನ್ನೂ ಅಲ್ಲೇ ನೋಡಿ. ಇನ್ನೊಂದು ಫೋನಿನಿಂದ ಕನ್ನಡದಲ್ಲಿ ಒಂದು ಎಸ್‌ಎಂಎಸ್ ಕಳಿಸಿ ಪರೀಕ್ಷಿಸಿದರೆ ಆಯಿತು. ಚಾರ್ಜರಿನ ಪಿನ್ ಮನೆಯಲ್ಲಿರುವ ಉಳಿದ ಫೋನಿನದ್ದೇ ಆಗಿದ್ದರೆ ಒಳ್ಳೆಯದು.

ಬಿಲ್ ಕೇಳಿ ತಗೊಳ್ಳಿ. ಬಿಲ್ಲಿನಲ್ಲಿ ಐಎಂಇಐ ಬರೆದಿರಬೇಕು. ಐಎಂಇಐ ಎಂದರೆ ಪ್ರತಿ ಫೋನಿಗೂ ಬೇರೆಬೇರೆ ಇರುವ 15 ಅಂಕಿಗಳ ಗುರುತು. ಫೋನಿನಲ್ಲಿ *#06# ಒತ್ತಿದರೆ ಅದು ಕಾಣುತ್ತದೆ. ಎರಡು ಸಿಮ್ ಹಾಕುವ ಫೋನಾದರೆ ಎರಡು ಐಎಂಇಐ. ಹಳೆಯ ಫೋನ್ ಕೊಳ್ಳುವವರಂತೂ ದುಡ್ಡು ಕೊಡುವ ಮುಂಚೆ ಇದನ್ನು ಪರೀಕ್ಷಿಸಲೇಬೇಕು. ಇಂಗ್ಲಿಷಿನಲ್ಲಿ ಕೆ, ವೈ, ಎಂ ಎಂಬ ಮೂರು ಅಕ್ಷರ ಬರೆದು, ಜಾಗ ಬಿಟ್ಟು, ಐಎಂಇಐ ಸಂಖ್ಯೆ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಅದು ಕಳುವಾಗಿ ಬಂದ್ ಮಾಡಿಸಿದ ಫೋನೋ ಅಲ್ಲವೋ ಎಂಬ ಉತ್ತರ ಬರುತ್ತದೆ.

3. ದಾಖಲೆ

ಆಧಾರ್ ಇದ್ದರೆ ಕೆಲಸ ಬೇಗ. ಆಧಾರ್ ಒಂದೇ ಆಗಬೇಕೆಂದಿಲ್ಲ. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಸಿಮ್‌ಗೆ ಆಧಾರನ್ನು ಕಡ್ಡಾಯ ಮಾಡುವಂತಿಲ್ಲ. ಮತದಾರರ ಗುರುತಿನ ಚೀಟಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್ ಕೂಡ ನಡೆಯುತ್ತವೆ. ವಯಸ್ಸು 18 ತುಂಬಿರಬೇಕು.

ಜೆರಾಕ್ಸ್ ಪ್ರತಿ ಕೊಡಬೇಡಿ. 2024ರ ಜನವರಿ 1ರಿಂದ ಸಿಮ್‌ಗೆ ಕಾಗದದ ಅರ್ಜಿ ಪದ್ಧತಿಯೇ ನಿಂತಿದೆ. ಎಲ್ಲವೂ ಅಂಗಡಿಯವರ ಫೋನಿನಲ್ಲಿ, ಅಲ್ಲೇ ತೆಗೆದ ಫೋಟೊದ ಮೂಲಕ ನಡೆಯುತ್ತದೆ. “ಇರ್ಲಿ, ಒಂದು ಜೆರಾಕ್ಸ್ ಕೊಟ್ಟಿರ್ರಿ” ಎಂದರೆ, “ಯಾತಕ್ಕ ಬೇಕ್ರಿ ಅಣ್ಣಾರ?” ಎಂದು ಕೇಳಿ. ಮೂಲ ಕಾರ್ಡನ್ನು ಮರೆಯದೆ ವಾಪಸ್ ಇಸಿದುಕೊಳ್ಳಿ.

ಮಗನ ಹೆಸರಿನಲ್ಲಿ ಸಿಮ್ ತೆಗೆದು ಅವ್ವನಿಗೆ ಕೊಡುವುದು ನಮ್ಮಲ್ಲಿ ವಾಡಿಕೆ. ಅದನ್ನು ದಯವಿಟ್ಟು ಬಿಡಿ. ಮುಂದೆ ಸಿಮ್ ಕಳೆದಾಗ, ಹೊಸ ಸಿಮ್ ಬೇಕಾದಾಗ, ಕಂಪನಿ ಬದಲಿಸುವಾಗ ಮಗನೇ ಊರಿಗೆ ಬರಬೇಕಾಗುತ್ತದೆ. ಅವ್ವ ನಡೆಯಲಾರದ ಸ್ಥಿತಿಯಲ್ಲಿದ್ದರೆ ಮಾತ್ರ ಅನಿವಾರ್ಯ ಎನ್ನಬಹುದು.

4. ಥಂಬ್ ಕೊಡುವ ಹೊತ್ತು

ಕಂಪನಿಯ ಸ್ವಂತ ಮಳಿಗೆಗೆ ಅಥವಾ ನಿಮಗೆ ಗುರುತಿರುವ, ಆರು ತಿಂಗಳಾದ ಮೇಲೂ ಅದೇ ಜಾಗದಲ್ಲಿ ಸಿಗುವಂಥ ಅಂಗಡಿಗೆ ಹೋಗಿ. ಬಸ್‌ ಸ್ಟ್ಯಾಂಡ್ ಮುಂದೆ ಛತ್ರಿ ಹಾಕಿಕೊಂಡು ‘ಸಿಮ್ ಫ್ರೀ’ ಎಂದು ಕೂಗುವವರಲ್ಲಿ ಪ್ರಾಮಾಣಿಕರೂ ಇದ್ದಾರು. ಆದರೆ ತೊಂದರೆಯಾದರೆ ಮರುದಿನ ಅವರನ್ನು ಎಲ್ಲಿ ಹುಡುಕುತ್ತೀರಿ?

ಅಂಗಡಿಯಲ್ಲಿ ಆಧಾರ್ ಸಂಖ್ಯೆ ಹಾಕಿ, ಬೆರಳಚ್ಚು ತಗೊಂಡು, ಫೋಟೊ ತೆಗೆಯುತ್ತಾರೆ. ಈ ಗುರುತು ಪರಿಶೀಲನೆಗೆ ಕೆವೈಸಿ ಎನ್ನುತ್ತಾರೆ. ನಮ್ಮ ಕಡೆ ಒಂದು ತೊಡಕು ಸಾಮಾನ್ಯ. ಹೊಲದಲ್ಲಿ ದುಡಿದ ಕೈ, ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೈ, ಪಾತ್ರೆ ತಿಕ್ಕಿ ತಿಕ್ಕಿ ಸವೆದ ಕೈ. ಯಂತ್ರಕ್ಕೆ ಗೆರೆ ಸಿಗುವುದಿಲ್ಲ. ಕೈ ತೊಳೆದು ಒರೆಸಿಕೊಂಡು ಬೇರೆ ಬೆರಳು ಇಟ್ಟು ನೋಡಿ. ಆಗಲಿಲ್ಲವೆಂದರೆ ಮತದಾರರ ಚೀಟಿಯಂಥ ದಾಖಲೆಯ ಫೋಟೊ ತೆಗೆದು ಮಾಡುವ ಇನ್ನೊಂದು ವಿಧಾನ ಕೇಳಿ. “ನಿಮ್ಮ ಬೆರಳು ಬರಂಗಿಲ್ಲ, ಮಗನ ಹೆಸರಲ್ಲೇ ಮಾಡೋಣು” ಎಂಬ ಮಾತಿಗೆ ಒಪ್ಪುವ ಮುಂಚೆ ಇದನ್ನು ಕೇಳಿ.

ಮೋಸ ನಡೆಯುವುದೂ ಇಲ್ಲೇ. “ಬರಲಿಲ್ಲ, ಮತ್ತೊಮ್ಮೆ ಇಡ್ರಿ” ಎಂದು ಎರಡನೆಯ ಬೆರಳಚ್ಚು ತಗೊಂಡು, ಅದರಲ್ಲಿ ನಿಮ್ಮ ಹೆಸರಿನಲ್ಲಿ ಇನ್ನೊಂದು ಸಿಮ್ ತೆಗೆದು ಮಾರುವವರಿದ್ದಾರೆ. ಆ ಸಿಮ್‌ನಿಂದ ಯಾರೋ ಯಾರಿಗೋ ಮೋಸ ಮಾಡಿದರೆ ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ನಿಮ್ಮನ್ನು. ಎರಡನೆಯ ಸಲ ಬೆರಳು ಕೇಳಿದರೆ, ಮೊದಲ ಸಲ ಯಾಕೆ ಆಗಲಿಲ್ಲ ಎಂಬುದನ್ನು ಪರದೆಯ ಮೇಲೆ ತೋರಿಸಲು ಹೇಳಿ. ಹೀಗೆ ಕೇಳುವುದಕ್ಕೆ ಸಂಕೋಚ ಬೇಡವೇ ಬೇಡ. ಬ್ಯಾಂಕಿನಲ್ಲಿ ಸಹಿ ಮಾಡುವಾಗ ಕಾಗದ ಓದುವುದಿಲ್ಲವೇ, ಹಾಗೆ.

ಹೊಸ ಸಿಮ್ ಚಾಲೂ ಆದ ವಾರದೊಳಗೆ ಇನ್ನೊಂದು ಕೆಲಸ ಮಾಡಿ. ನೆಟ್ ಇರುವ ಯಾರದಾದರೂ ಫೋನಿನಲ್ಲಿ ದೂರಸಂಪರ್ಕ ಇಲಾಖೆಯ ‘ಸಂಚಾರ ಸಾಥಿ’ ಜಾಲತಾಣ ತೆಗೆದು, ನಿಮ್ಮ ಹೆಸರಿನಲ್ಲಿ ಎಷ್ಟು ಸಂಪರ್ಕಗಳಿವೆ ಎಂದು ತೋರಿಸುವ ಭಾಗಕ್ಕೆ ಹೋಗಿ. ನಿಮ್ಮ ನಂಬರ್ ಹಾಕಿದರೆ ಒಟಿಪಿ ನಿಮ್ಮ ಬಟನ್ ಫೋನಿಗೇ ಬರುತ್ತದೆ. ಒಟಿಪಿ ಎಂದರೆ ಒಂದೇ ಸಲ ಬಳಸುವ ಗುಪ್ತ ಅಂಕಿ. ಅದನ್ನು ಹಾಕಿದರೆ ಪಟ್ಟಿ ಕಾಣುತ್ತದೆ. ಗೊತ್ತಿಲ್ಲದ ನಂಬರ್ ಇದ್ದರೆ ‘ಇದು ನನ್ನದಲ್ಲ’ ಎಂದು ಅಲ್ಲೇ ಗುರುತು ಹಾಕಬಹುದು. ಒಬ್ಬರ ಹೆಸರಿನಲ್ಲಿ ಕರ್ನಾಟಕದಲ್ಲಿ ಹೆಚ್ಚೆಂದರೆ 9 ಸಂಪರ್ಕ ಇರಬಹುದು.

5. ರೀಚಾರ್ಜ್: ದುಡ್ಡಿನ ಲೆಕ್ಕಕ್ಕಿಂತ ದಿನದ ಲೆಕ್ಕ

ಇದು ಈ ಲೇಖನದ ತಿರುಳು, ಸಾವಕಾಶ ಓದಿ.

ಹಿಂದೆ ಹತ್ತು ರೂಪಾಯಿ ಕರೆನ್ಸಿ ಹಾಕಿಸಿ ತಿಂಗಳುಗಟ್ಟಲೆ ಇಟ್ಟುಕೊಳ್ಳಬಹುದಿತ್ತು. ಕರೆ ಬರುವುದಕ್ಕಂತೂ ದುಡ್ಡೇ ಬೇಕಿರಲಿಲ್ಲ. ಆ ಕಾಲ ಹೋಯಿತು. ಈಗ ಕೊಳ್ಳುವುದು ದಿನಗಳನ್ನು. ಇದಕ್ಕೆ ವ್ಯಾಲಿಡಿಟಿ ಎನ್ನುತ್ತಾರೆ, ಅಂದರೆ ಪ್ಯಾಕ್ ಎಷ್ಟು ದಿನ ಜೀವಂತ ಎಂಬುದು. ಅದು ಮುಗಿದರೆ ನೀವು ಕರೆ ಮಾಡಲಾಗದು, ಕೆಲ ದಿನಗಳಲ್ಲಿ ಕರೆ ಬರುವುದೂ ನಿಲ್ಲುತ್ತದೆ.

ಟಾಪ್‌ಅಪ್ ಬೇರೆ, ಪ್ಯಾಕ್ ಬೇರೆ. 10 ರೂಪಾಯಿ ಟಾಪ್‌ಅಪ್ ಹಾಕಿಸಿದರೆ ತೆರಿಗೆ ಮತ್ತು ಶುಲ್ಕ ಕಳೆದು 7 ರೂಪಾಯಿ 47 ಪೈಸೆ ಖಾತೆಯಲ್ಲಿ ಕೂರುತ್ತದೆ. ಆದರೆ ವ್ಯಾಲಿಡಿಟಿ ಒಂದು ದಿನವೂ ಹೆಚ್ಚುವುದಿಲ್ಲ. ನಮ್ಮ ಸೋದರತ್ತೆ ಮೂರು ತಿಂಗಳು ಹೀಗೆ ಬರೇ ಟಾಪ್‌ಅಪ್ ಹಾಕಿಸಿಕೊಂಡು, “ದುಡ್ಡು ಐತಲ್ಲ, ಫೋನ್ಯಾಕ ಬರವಲ್ದು?” ಎಂದು ಕಾಯುತ್ತ ಕೂತಿದ್ದರು. ಅಂಗಡಿಯವರು ಕೇಳಿದ್ದನ್ನು ಕೊಟ್ಟಿದ್ದರು, ಅತ್ತೆಗೆ ಏನು ಕೇಳಬೇಕು ಎಂಬುದು ಗೊತ್ತಿರಲಿಲ್ಲ. ನೀವು “ಕರೆನ್ಸಿ ಹಾಕ್ರಿ” ಎನ್ನಬೇಡಿ. “ವ್ಯಾಲಿಡಿಟಿ ಇರೋ ಪ್ಯಾಕ್ ಹಾಕ್ರಿ, ಎಷ್ಟು ದಿನ ಬರ್ತದ ಹೇಳ್ರಿ” ಎನ್ನಿ.

ಇನ್ನು ಯಾವ ಪ್ಯಾಕ್? ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2024ರ ಡಿಸೆಂಬರಿನಲ್ಲಿ ನಿಮ್ಮಂಥವರಿಗಾಗಿಯೇ ಒಂದು ನಿಯಮ ತಂದಿತು. ನೆಟ್ ಬೇಡದವರಿಗೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್ ಅನ್ನು ಕಂಪನಿಗಳು ಕೊಡಲೇಬೇಕು. ಇಂಥ ವಿಶೇಷ ಪ್ಯಾಕಿನ ಗರಿಷ್ಠ ಅವಧಿಯನ್ನೂ 90 ದಿನದಿಂದ 365 ದಿನಕ್ಕೆ ಏರಿಸಲಾಯಿತು. ಇದರಂತೆ 2025ರ ಜನವರಿಯಲ್ಲಿ ಬಂದ ಪ್ಯಾಕ್‌ಗಳ ದರ ಹೀಗಿತ್ತು.

ಏರ್‌ಟೆಲ್: 84 ದಿನಕ್ಕೆ 469 ರೂಪಾಯಿ, 365 ದಿನಕ್ಕೆ 1849 ರೂಪಾಯಿ.
ಜಿಯೋ: 84 ದಿನಕ್ಕೆ 448 ರೂಪಾಯಿ, 336 ದಿನಕ್ಕೆ 1748 ರೂಪಾಯಿ.
ವಿಐ: 84 ದಿನಕ್ಕೆ 470 ರೂಪಾಯಿ, 365 ದಿನಕ್ಕೆ 1849 ರೂಪಾಯಿ.

ಎಲ್ಲದರಲ್ಲೂ ಕರೆಗೆ ಮಿತಿ ಇಲ್ಲ. ದರಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಹಾಕಿಸುವ ದಿನದ ದರ ಕೇಳಿಕೊಳ್ಳಿ. ಲೆಕ್ಕ ಹಾಕುವ ರೀತಿ ಮಾತ್ರ ಬದಲಾಗುವುದಿಲ್ಲ: ದುಡ್ಡನ್ನು ದಿನದಿಂದ ಭಾಗಿಸಿ. 1849ನ್ನು 365ರಿಂದ ಭಾಗಿಸಿದರೆ ದಿನಕ್ಕೆ 5 ರೂಪಾಯಿ 7 ಪೈಸೆ. 1748ನ್ನು 336ರಿಂದ ಭಾಗಿಸಿದರೆ 5 ರೂಪಾಯಿ 20 ಪೈಸೆ. ಹೊರಗಿನಿಂದ ಅಗ್ಗವಾಗಿ ಕಂಡದ್ದು ದಿನದ ಲೆಕ್ಕದಲ್ಲಿ ತುಸು ದುಬಾರಿ. ‘ವರ್ಷದ ಪ್ಯಾಕ್’ ಎಂದು ಬಾಯಲ್ಲಿ ಹೇಳಿದರೂ 336 ದಿನ ಎಂದರೆ ವರ್ಷಕ್ಕೆ 29 ದಿನ ಕಡಿಮೆ. ದೀಪಾವಳಿಗೆ ಹಾಕಿಸಿದ್ದು ಮುಂದಿನ ದೀಪಾವಳಿವರೆಗೆ ಬರುತ್ತದೆ ಎಂದು ಕೂತರೆ ದಸರೆಯ ಹೊತ್ತಿಗೇ ಫೋನ್ ಮೂಕ.

28 ದಿನದ ಪ್ಯಾಕ್‌ಗೂ ಇದೇ ಕಥೆ. ತಿಂಗಳಿಗೆ ಒಂದು ಎಂದುಕೊಂಡರೆ ವರ್ಷಕ್ಕೆ 12 ಆಗಬೇಕಲ್ಲ? ಆಗುವುದು 13. 28 ದಿನಕ್ಕೆ 199 ರೂಪಾಯಿಯ ಪ್ಯಾಕ್ ಹಾಕಿಸುತ್ತ ಹೋದರೆ ವರ್ಷಕ್ಕೆ 2587 ರೂಪಾಯಿ. ಅದರ ಜೊತೆ ಬರುವ 2 ಜಿಬಿ ನೆಟ್ ಬಟನ್ ಫೋನಿನಲ್ಲಿ ಸುಮ್ಮನೆ ಹಾಳು.

ನನ್ನ ಸಲಹೆ ಇಷ್ಟು. ಮೊದಲ ಸಲ 84 ದಿನದ, ಕರೆ ಮಾತ್ರ ಇರುವ ಪ್ಯಾಕ್ ಹಾಕಿಸಿ. ಆ ಮೂರು ತಿಂಗಳಲ್ಲಿ ಟವರ್ ಹೇಗಿದೆ, ಫೋನ್ ಒಗ್ಗಿತೇ ಎಂಬುದು ತಿಳಿಯುತ್ತದೆ. ಎಲ್ಲ ಸರಿ ಅನಿಸಿದರೆ ಮುಂದಿನ ಸಲ ವರ್ಷದ್ದು. ಒಮ್ಮೆಗೇ ವರ್ಷದ ದುಡ್ಡು ಕಟ್ಟಿ ಆಮೇಲೆ ಟವರ್ ಇಲ್ಲ ಎಂದರೆ ಆ ದುಡ್ಡು ವಾಪಸ್ ಬರುವುದಿಲ್ಲ. ಬಿಎಸ್‌ಎನ್‌ಎಲ್‌ನ ದರ ಸಾಮಾನ್ಯವಾಗಿ ಉಳಿದವರಿಗಿಂತ ಕಡಿಮೆ. ನಿಮ್ಮ ಮನೆಯಲ್ಲಿ ಅದು ಚೆನ್ನಾಗಿ ಸಿಗುತ್ತಿದ್ದರೆ ಹತ್ತಿರದ ಬಿಎಸ್‌ಎನ್‌ಎಲ್ ಕಚೇರಿಯಲ್ಲಿ ಅವರ ದೀರ್ಘಾವಧಿ ಪ್ಯಾಕ್‌ಗಳನ್ನು ಕೇಳಿ ಆಮೇಲೆ ತೀರ್ಮಾನಿಸಿ.

ಕರೆ ಮಾತ್ರ ಇರುವ ಪ್ಯಾಕ್ ಇದೆ ಎಂದು ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ. “ನೆಟ್ ಇಲ್ಲದ್ದು, ವಾಯ್ಸ್ ಪ್ಯಾಕ್ ಹಾಕ್ರಿ” ಎಂದು ಕೇಳಿ. ಇಲ್ಲ ಎಂದರೆ ದರ ಹೇಳಿ ತೋರಿಸಿ.

ರೀಚಾರ್ಜ್ ಮಾಡಿಸುವಾಗ ನಂಬರನ್ನು ಚೀಟಿಯಲ್ಲಿ ಬರೆದು ಕೊಡಿ, ಕೊನೆಯ ನಾಲ್ಕು ಅಂಕಿ ಅವರಿಂದ ಓದಿಸಿ. ಒಂದು ಅಂಕಿ ತಪ್ಪಿದರೆ ಬೇರೆಯವರಿಗೆ ಹೋದ ದುಡ್ಡು ಮರಳುವುದು ಕಷ್ಟ. ‘ಯಶಸ್ವಿ’ ಎಂಬ ಎಸ್‌ಎಂಎಸ್ ನಿಮ್ಮ ಫೋನಿಗೆ ಬಂದ ಮೇಲೆ ಅಂಗಡಿ ಬಿಡಿ. ಅಂಗಡಿಯಲ್ಲಿ ನಂಬರ್ ಕೂಗಿ ಹೇಳಿದರೆ ಪಕ್ಕದಲ್ಲಿ ನಿಂತವರೂ ಬರೆದುಕೊಳ್ಳುತ್ತಾರೆ, ಆಮೇಲೆ ಬೇಡದ ಕರೆ ಬರುತ್ತವೆ ಎಂದು ಹಲವು ಹೆಣ್ಣುಮಕ್ಕಳು ದೂರುತ್ತಾರೆ. ಅವರ ಭಯ ನಿಜ. ಮನೆಯವರ ಯುಪಿಐ ಇರುವ ಫೋನಿನಿಂದಲೇ ರೀಚಾರ್ಜ್ ಮಾಡಿಸಿಕೊಂಡರೆ ನಂಬರ್ ಯಾವ ಅಂಗಡಿಗೂ ಹೋಗುವುದಿಲ್ಲ.

6. ಮೊದಲ ಸಂಜೆ

ಸಿಮ್ ಬರುವ ಚೌಕಟ್ಟಿನಲ್ಲಿ ಮೂರು ಅಳತೆಗೆ ಕತ್ತರಿಸುವ ಗೆರೆಗಳಿರುತ್ತವೆ. ಬಟನ್ ಫೋನ್‌ಗಳಲ್ಲಿ ಸಿಮ್‌ನ ಜಾಗ ದೊಡ್ಡದೂ ಇರಬಹುದು, ಸಣ್ಣದೂ ಇರಬಹುದು. ಮೊದಲು ಜಾಗ ನೋಡಿ, ಆಮೇಲೆ ಮುರಿಯಿರಿ. ಹೊರಗಿನ ಚೌಕಟ್ಟನ್ನು ಎಸೆಯಬೇಡಿ. ಮುಂದೆ ಬೇರೆ ಫೋನಿಗೆ ಬೇಕಾಗುತ್ತದೆ. ಅದರ ಮೇಲೆ ಸಿಮ್‌ನ ಸಂಖ್ಯೆಯೂ ಇರುತ್ತದೆ, ಬ್ಯಾಂಕ್ ಪಾಸ್‌ಬುಕ್ ಜೊತೆ ಇಡಿ.

ನಂತರ ನೆಂಟರ ನಂಬರುಗಳನ್ನು ಉಳಿಸಿ. ಆಗಾಗ ಮಾತಾಡುವ ನಾಲ್ಕು ಜನರನ್ನು ಸ್ಪೀಡ್ ಡಯಲ್‌ಗೆ ಹಾಕಿ. ಅಂದರೆ 2 ಅನ್ನು ಒತ್ತಿ ಹಿಡಿದರೆ ಮಗ, 3 ಹಿಡಿದರೆ ಮಗಳು. ಓದು ಬರದ ಹಿರಿಯರಿಗೆ ಇದೊಂದೇ ಸಾಕಷ್ಟು ದೊಡ್ಡ ಅನುಕೂಲ. ಎರಡು ಮೂರು ಸಲ ಅವರ ಕೈಯಿಂದಲೇ ಒತ್ತಿಸಿ, ನೀವು ಒತ್ತಿ ತೋರಿಸಿದರೆ ನೆನಪಿರುವುದಿಲ್ಲ. ತುರ್ತಿಗೆ 112 ಎಂಬುದನ್ನೂ ಹೇಳಿಕೊಡಿ. ಮನೆಯಲ್ಲಿ ಇನ್ನೂ ಲ್ಯಾಂಡ್‌ಲೈನ್ ಇದ್ದರೆ ಅದರಿಂದ ಮೊಬೈಲಿಗೆ ಮಾಡುವಾಗ ಮುಂದೆ ಸೊನ್ನೆ ಹಾಕಬೇಕು, 2021ರ ಜನವರಿಯಿಂದ ಹಾಗಿದೆ.

ಬಟನ್ ಫೋನಿನಲ್ಲೂ ಇಂಟರ್‌ನೆಟ್ ಬಟನ್ ಇರುತ್ತದೆ. ಅದನ್ನು ಸೆಟ್ಟಿಂಗ್‌ನಲ್ಲಿ ಬಂದ್ ಮಾಡಿಡಿ, ತಪ್ಪಿ ಒತ್ತಿದರೂ ಟಾಪ್‌ಅಪ್ ದುಡ್ಡು ಹೋಗದು.

ಸಿಮ್‌ಗೆ ಪಿನ್ ಹಾಕುವ ಆಸೆ ಬೇಡ. ಮೂರು ಸಲ ತಪ್ಪಿದರೆ ಸಿಮ್ ಬೀಗ ಬೀಳುತ್ತದೆ, ಬಿಡಿಸಲು ಪಿಯುಕೆ ಎಂಬ ಇನ್ನೊಂದು ಸಂಖ್ಯೆ ಬೇಕು. ಅದೂ ಹತ್ತು ಸಲ ತಪ್ಪಿದರೆ ಸಿಮ್ ಹಾಳಾದಂತೆಯೇ.

7. ನಂಬರನ್ನು ಬ್ಯಾಂಕಿಗೆ, ಆಧಾರ್‌ಗೆ ಜೋಡಿಸುವುದು

ಅವಸರ ಬೇಡ. ಒಂದು ತಿಂಗಳು ಬಳಸಿ, ಈ ಟವರ್ ನಮಗೆ ಸರಿ ಎಂದಾದ ಮೇಲೆ ಜೋಡಿಸಿ. ಬ್ಯಾಂಕಿಗೆ ಪಾಸ್‌ಬುಕ್ ಹಿಡಿದು ಶಾಖೆಗೇ ಹೋಗಿ. ಆಧಾರ್‌ಗೆ ಆಧಾರ್ ಕೇಂದ್ರ. ಕೇಂದ್ರಕ್ಕೆ ಹೋಗಲಾಗದ ಹಿರಿಯರಿದ್ದರೆ ನಿಮ್ಮ ಊರಿನ ಅಂಚೆಯಣ್ಣನನ್ನು ಕೇಳಿ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಮನೆಬಾಗಿಲಲ್ಲೇ ಆಧಾರ್‌ನ ಮೊಬೈಲ್ ನಂಬರ್ ಬದಲಿಸಿಕೊಡುವ ಸೌಲಭ್ಯ 2021ರಿಂದ ಇದೆ. ಇದುವರೆಗೆ ಅವ್ವನ ಖಾತೆಗೆ ಮಗನದೋ ಪಕ್ಕದ ಮನೆಯವರದೋ ನಂಬರ್ ಕೊಟ್ಟಿದ್ದರೆ ಅದನ್ನು ತೆಗೆಸಿ. ಆಕೆಯ ದುಡ್ಡಿನ ಸುದ್ದಿ ಆಕೆಗೇ ಬರಲಿ.

8. ನಂಬರ್ ಬಂದ್ ಆಗದಂತೆ

ಪ್ಯಾಕ್ ಹಾಕಿಸಿದ ದಿನವೇ ಮುಗಿಯುವ ತಾರೀಖನ್ನು ಕೇಳಿ, ಅದಕ್ಕೆ ಒಂದು ವಾರ ಮೊದಲಿನ ದಿನಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ದುಂಡಗೆ ಗುರುತು ಹಾಕಿ. ವರ್ಷದ ಪ್ಯಾಕ್ ಆದರೆ ಯುಗಾದಿಗೋ ನಾಗರಪಂಚಮಿಗೋ ಮಕ್ಕಳು ಊರಿಗೆ ಬರುವ ಹಬ್ಬದ ಆಸುಪಾಸು ಹಾಕಿಸಿದರೆ ನೆನಪು ಸುಲಭ.

ಟ್ರಾಯ್‌ನ ನಿಯಮದ ಪ್ರಕಾರ 90 ದಿನ ಯಾವ ಬಳಕೆಯೂ ಇಲ್ಲದ ಪ್ರಿಪೇಯ್ಡ್ ನಂಬರನ್ನು ಕಂಪನಿ ಬಂದ್ ಮಾಡಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು ಮತ್ತೆ 30 ದಿನ ಉಳಿಸಿಕೊಳ್ಳುತ್ತಾರೆ. ಬಂದ್ ಆದ ಮೇಲೂ ಮರಳಿ ಪಡೆಯಲು 15 ದಿನ ಇರುತ್ತದೆ. ಇದು ಕಡೆಯ ಆಸರೆ ಮಾತ್ರ. ನಂಬರ್ ಉಳಿದರೂ ಪ್ಯಾಕ್ ಇಲ್ಲದೆ ಮಾತು ಆಗುವುದಿಲ್ಲ. ಹೀಗೆ ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿ ಬೇರೆಯವರಿಗೆ ಕೊಡಬಹುದು. ನಿಮ್ಮ ಬ್ಯಾಂಕಿನ ಒಟಿಪಿ ಯಾರೋ ಗೊತ್ತಿಲ್ಲದವರ ಕೈಗೆ ಹೋಗುವುದು ಹೀಗೆ. ನಂಬರ್ ಬಿಡಲೇಬೇಕಾಗಿ ಬಂದರೆ ಮೊದಲು ಬ್ಯಾಂಕಿನಲ್ಲಿ ಬದಲಿಸಿ, ಆಮೇಲೆ ಬಿಡಿ.

ಟವರ್ ಸರಿಯಿಲ್ಲ ಎಂದು ಕಂಪನಿ ಬದಲಿಸಬೇಕಾದರೆ ನಂಬರ್ ಬದಲಿಸುವ ಅಗತ್ಯವಿಲ್ಲ. ಇಂಗ್ಲಿಷಿನಲ್ಲಿ ‘ಪೋರ್ಟ್’ ಎಂದು ಬರೆದು, ಜಾಗ ಬಿಟ್ಟು, ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಕಳಿಸಿದರೆ ಒಂದು ಸಂಕೇತ ಬರುತ್ತದೆ. ಅದು 4 ದಿನ ಮಾತ್ರ ಚಾಲ್ತಿ, ಅಷ್ಟರಲ್ಲಿ ಹೊಸ ಕಂಪನಿಯ ಅಂಗಡಿಗೆ ದಾಖಲೆ ಸಮೇತ ಹೋಗಿ. ಹೊಸ ನಂಬರ್ ತಗೊಂಡು 90 ದಿನ ಆಗಿರಬೇಕು. ಮೊದಲಿಗೆ 84 ದಿನದ ಪ್ಯಾಕ್ ಎಂದಿದ್ದೆನಲ್ಲ, ಅದು ಮುಗಿದು ಒಂದು ವಾರದೊಳಗೆ ಈ ಅವಕಾಶ ತೆರೆಯುತ್ತದೆ.

9. ಬೇಡದ ಕರೆ, ಮೋಸದ ಕರೆ

ಹೊಸ ನಂಬರಿಗೆ ಮೊದಲ ವಾರದಿಂದಲೇ ಜಾಹೀರಾತು ಕರೆ ಶುರು. ಇಂಗ್ಲಿಷಿನಲ್ಲಿ ‘ಸ್ಟಾರ್ಟ್’ ಎಂದು ಬರೆದು, ಜಾಗ ಬಿಟ್ಟು, ಸೊನ್ನೆ ಹಾಕಿ 1909ಕ್ಕೆ ಎಸ್‌ಎಂಎಸ್ ಕಳಿಸಿ. ಕಡಿಮೆಯಾಗುತ್ತವೆ.

“ಟ್ರಾಯ್‌ನಿಂದ ಮಾತಾಡ್ತಿದ್ದೀವಿ, ಎರಡು ತಾಸಿನಲ್ಲಿ ನಿಮ್ಮ ಸಿಮ್ ಬಂದ್, 9 ಒತ್ತಿ” ಎಂಬ ಕರೆ ಬಂದರೆ ಇಟ್ಟುಬಿಡಿ. ಟ್ರಾಯ್ ಯಾರಿಗೂ ಹಾಗೆ ಕರೆ ಮಾಡುವುದಿಲ್ಲ. ಫೋನಿನಲ್ಲೇ ಬಂಧಿಸುತ್ತೇವೆ ಎನ್ನುವ ಪೊಲೀಸರೂ ಇಲ್ಲ, ಅಂಥ ಕಾನೂನೂ ಇಲ್ಲ. ಒಟಿಪಿಯನ್ನು ಬ್ಯಾಂಕಿನವರೆಂದು ಹೇಳಿದವರಿಗೂ ಹೇಳಬೇಡಿ. ಹಿರಿಯರಿಗೆ ಒಂದೇ ವಾಕ್ಯ ಕಲಿಸಿಡಿ: “ನನ್ನ ಮಗನ್ನ ಕೇಳಿ ಹೇಳ್ತೀನಿ, ಇಡ್ರಿ.” ದುಡ್ಡು ಹೋಗಿಯೇಬಿಟ್ಟಿದ್ದರೆ ನಾಚಿಕೆಪಟ್ಟುಕೊಂಡು ಕೂರದೆ ಕೂಡಲೇ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಮಾಡುತ್ತೀರೋ ದುಡ್ಡು ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

10. ಫೋನ್ ಕಳೆದರೆ

ಮೊದಲು ಬೇರೆ ಫೋನಿನಿಂದ ಕಂಪನಿಯ ಗ್ರಾಹಕ ಸೇವೆಗೆ ಹೇಳಿ ಸಿಮ್ ಬಂದ್ ಮಾಡಿಸಿ. ಪೊಲೀಸರಲ್ಲಿ ದೂರು ಕೊಟ್ಟು ಪ್ರತಿ ತಗೊಳ್ಳಿ. ಆ ಪ್ರತಿ, ಐಎಂಇಐ ಇರುವ ಬಿಲ್, ಗುರುತಿನ ಚೀಟಿ ಇಟ್ಟುಕೊಂಡು ಸಂಚಾರ ಸಾಥಿ ಜಾಲತಾಣದಲ್ಲಿ ಫೋನನ್ನೇ ಬಂದ್ ಮಾಡಿಸಬಹುದು. ಆಮೇಲೆ ಯಾವ ಸಿಮ್ ಹಾಕಿದರೂ ಅದು ನಡೆಯದು. ಇಷ್ಟಾದ ಮೇಲೆ ನಿಮ್ಮ ಕಂಪನಿಯ ಮಳಿಗೆಗೆ ಸ್ವತಃ ಹೋಗಿ ಅದೇ ನಂಬರಿನ ಹೊಸ ಸಿಮ್ ಕೇಳಿ. ನಂಬರ್ ನಿಮ್ಮ ಹೆಸರಿನಲ್ಲೇ ಇದ್ದರೆ ಆ ಕೆಲಸ ಅಲ್ಲೇ ಮುಗಿಯುತ್ತದೆ, ಉಳಿದ ವ್ಯಾಲಿಡಿಟಿಯೂ ಹಾಗೇ ಇರುತ್ತದೆ. ಹೊಸ ಸಿಮ್ ಚಾಲೂ ಆದ ಮೊದಲ 24 ತಾಸು ಎಸ್‌ಎಂಎಸ್ ಬರುವುದಿಲ್ಲ. ಮೋಸ ತಡೆಯಲು ಮಾಡಿದ ನಿಯಮ ಅದು, ಗಾಬರಿಯಾಗಬೇಡಿ. ಬ್ಯಾಂಕಿನ ಕೆಲಸವಿದ್ದರೆ ಮರುದಿನಕ್ಕೆ ಇಟ್ಟುಕೊಳ್ಳಿ.